ದಿವಾನಖಾನೆಯಲ್ಲಿ ಕೂತು ಕೊಲೆಗಾರನನ್ನು ಹುಡುಕಿದವಳು: ಸ್ಟೆಫನಿ ಬ್ಯಾರನ್ ಅವರ ಜೇನ್ ಆಸ್ಟೆನ್ ಸರಣಿ

ಸ್ಟೆಫನಿ ಬ್ಯಾರನ್ ಅವರ ಹದಿನೈದು ಪತ್ತೇದಾರಿ ಕಾದಂಬರಿಗಳ ಸರಣಿ 1996ರಲ್ಲಿ ಆರಂಭವಾಗಿ 2023ರಲ್ಲಿ ಮುಗಿಯಿತು. ಇಲ್ಲಿ ಕೊಲೆಗಳ ಜಾಡು ಹಿಡಿಯುವವಳು ಕಲ್ಪಿತ ನಾಯಕಿಯಲ್ಲ, ಸ್ವತಃ ಕಾದಂಬರಿಕಾರ್ತಿ ಜೇನ್ ಆಸ್ಟೆನ್. ಓದುಗರು ಇಷ್ಟೊಂದು ಪ್ರೀತಿಸುವ ಲೇಖಕಿಯನ್ನು ಹೆಣಗಳ ನಡುವೆ ತಂದು ನಿಲ್ಲಿಸುವುದು ಸರಿಯೇ ಎಂಬ ಅನುಮಾನ ಇಟ್ಟುಕೊಂಡೇ ನಾನು ಮೊದಲ ಪುಸ್ತಕವನ್ನು ಕೈಗೆತ್ತಿಕೊಂಡಿದ್ದೆ. ಕೆಲವೇ ಅಧ್ಯಾಯಗಳಲ್ಲಿ ಆ ಅನುಮಾನ ಕರಗಿತು.

ಅದಕ್ಕೆ ಕಾರಣ ಬ್ಯಾರನ್ ತಮ್ಮ ಕತೆಗಳಿಗೆ ಆರಿಸಿಕೊಂಡ ಜಾಗ. ಜೇನ್ ಬರೆದ ಪತ್ರಗಳಲ್ಲಿ ಬಹುಪಾಲನ್ನು ಅಕ್ಕ ಕಸಾಂಡ್ರಾ ಮುಂದೆ ನಾಶಮಾಡಿದ್ದರಿಂದ ಇಂದು ಉಳಿದಿರುವುದು ಸುಮಾರು 160 ಮಾತ್ರ. ಪತ್ರಗಳು ಮೌನವಾಗಿರುವ ತಿಂಗಳುಗಳಲ್ಲಿ ಏನು ನಡೆದಿರಬಹುದು ಎಂಬ ಪ್ರಶ್ನೆಯೇ ಈ ಕಾದಂಬರಿಗಳ ಬೀಜ. 1802ರ ಡಿಸೆಂಬರ್ 2ರಂದು ಹ್ಯಾರಿಸ್ ಬಿಗ್-ವಿದರ್ ಎಂಬ ಶ್ರೀಮಂತ ಮನೆತನದ ಯುವಕ ಮದುವೆಯ ಪ್ರಸ್ತಾಪ ಮಾಡಿದಾಗ ಜೇನ್ ಒಪ್ಪಿಕೊಂಡು, ಮರುದಿನ ಬೆಳಗ್ಗೆ ಆ ಮಾತನ್ನು ಹಿಂತೆಗೆದುಕೊಂಡದ್ದು ಚರಿತ್ರೆ. ಮೊದಲ ಕಾದಂಬರಿ ಆರಂಭವಾಗುವುದು ಅದರ ಬೆನ್ನಿಗೇ. ಮುಜುಗರದಿಂದ ದೂರವಾಗಲು ಗೆಳತಿ ಇಸೊಬೆಲ್‌ಳ ಸ್ಕಾರ್‌ಗ್ರೇವ್ ಬಂಗಲೆಗೆ ಬಂದ ಜೇನ್, ಗೆಳತಿಯ ಹೊಸ ಗಂಡ ನರಳಿ ಸಾಯುವುದನ್ನು ಕಾಣುತ್ತಾಳೆ. ಕೊಲೆಯ ಆರೋಪ ಇಸೊಬೆಲ್ ಮತ್ತು ಸತ್ತವನ ಸೋದರಳಿಯನ ತಲೆಗೆ ಬರುತ್ತದೆ.

ಈ ಪತ್ತೇದಾರಿಕೆಗೆ ತೂಕ ಬರುವುದು ಆ ಕಾಲದ ಕಾನೂನಿನಿಂದ. ಲಂಡನ್ನಿಗೆ ಸಂಘಟಿತ ಪೊಲೀಸ್ ಪಡೆ ಬಂದದ್ದು 1829ರಲ್ಲಿ. ಘೋರ ಅಪರಾಧದ ಆರೋಪಿಯ ಪರವಾಗಿ ವಕೀಲರು ಜ್ಯೂರಿಯನ್ನು ಉದ್ದೇಶಿಸಿ ವಾದ ಮಂಡಿಸುವ ಹಕ್ಕು ಸಿಕ್ಕಿದ್ದು 1836ರಲ್ಲಿ. ಹೀಗಿರುವಾಗ ಸತ್ಯ ಹೊರಬರಬೇಕಾದರೆ ಯಾರಾದರೂ ಗಮನವಿಟ್ಟು ನೋಡಿರಬೇಕು, ಕೇಳಿರಬೇಕು. ಆಸ್ತಿಯಿಲ್ಲದ, ಮದುವೆಯಾಗದ, ಹೊಲಿಗೆ ಹಿಡಿದು ಮೂಲೆಯಲ್ಲಿ ಕೂತ ಹೆಣ್ಣಿನ ಮುಂದೆ ದೊಡ್ಡ ಮನೆಯ ಜನ ಮಾತು ತೂಗಿ ಆಡುವುದಿಲ್ಲ. ಜೇನ್‌ಳ ಬಲವಿರುವುದು ಅಲ್ಲಿಯೇ. ಅವಳು ಬಾಗಿಲು ಒಡೆಯುವುದಿಲ್ಲ, ಪಿಸ್ತೂಲು ಝಳಪಿಸುತ್ತಾ ತಿರುಗುವುದಿಲ್ಲ. ಯಾರು ಯಾರ ಜೊತೆ ನರ್ತಿಸಲಿಲ್ಲ, ಯಾರ ಸೂತಕದ ಉಡುಪು ಹೇಗಿತ್ತು ಎಂಬುದನ್ನು ನೆನಪಿಟ್ಟುಕೊಳ್ಳುತ್ತಾಳೆ.

ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ಅಸ್ವಸ್ಥನಾಗಿ ಮಗ ರಾಜಪ್ರತಿನಿಧಿಯಾಗಿ ಆಳಿದ 1811ರಿಂದ 1820ರವರೆಗಿನ ಕಾಲವನ್ನೇ ರೀಜೆನ್ಸಿ ಎನ್ನುವುದಾದರೆ, ಸರಣಿಯ ಕೊನೆಯ ಏಳು ಪುಸ್ತಕಗಳು ಮಾತ್ರ ಅದರೊಳಗೆ ಬರುತ್ತವೆ. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ವಾಟರ್‌ಲೂ ನಕ್ಷೆಯ ಕತೆ. 1815ರ ನವೆಂಬರ್‌ನಲ್ಲಿ, ಕಾಯಿಲೆ ಬಿದ್ದ ಅಣ್ಣ ಹೆನ್ರಿಯ ಆರೈಕೆಗೆ ಲಂಡನ್ನಿನ ಹ್ಯಾನ್ಸ್ ಪ್ಲೇಸ್‌ನಲ್ಲಿದ್ದ ಜೇನ್, ರಾಜಪ್ರತಿನಿಧಿಯ ಗ್ರಂಥಪಾಲಕ ಕ್ಲಾರ್ಕ್ ಕರೆದನೆಂದು ಕಾರ್ಲ್‌ಟನ್ ಹೌಸ್ ನೋಡಲು ಹೋದದ್ದು ನಿಜ. ತನಗೆ ಸ್ವಲ್ಪವೂ ಗೌರವವಿಲ್ಲದ ಆ ರಾಜಕುಮಾರನಿಗೆ 'ಎಮ್ಮಾ' ಕಾದಂಬರಿಯನ್ನು ಅರ್ಪಿಸಬೇಕಾಗಿ ಬಂದದ್ದೂ ನಿಜ. ಬ್ಯಾರನ್ ಈ ಭೇಟಿಯನ್ನು ಹಾಗೆಯೇ ಉಳಿಸಿಕೊಂಡು, ಅರಮನೆಯ ಗ್ರಂಥಾಲಯದ ಜಮಖಾನೆಯ ಮೇಲೆ ಒಬ್ಬ ಕರ್ನಲ್‌ನನ್ನು ಸಾವಿನಂಚಿನಲ್ಲಿ ಮಲಗಿಸುತ್ತಾರೆ. ಅವನ ಬಾಯಿಂದ ಹೊರಡುವುದು ಎರಡೇ ಪದ: ವಾಟರ್‌ಲೂ ನಕ್ಷೆ. ಒಂದು ಕಡೆ ಕರಡಚ್ಚು ತಿದ್ದುವ ಲೇಖಕಿ, ಇನ್ನೊಂದು ಕಡೆ ದಿವಾಳಿಯ ಅಂಚಿನಲ್ಲಿರುವ ಅಣ್ಣನ ಬ್ಯಾಂಕು, ನಡುವೆ ಈ ಸಾವು. ಮೂರೂ ಎಳೆಗಳನ್ನು ಹೆಣೆದ ಬಗೆ ಮನಸ್ಸಿನಲ್ಲಿ ನಿಲ್ಲುತ್ತದೆ. ಸತ್ತ ಕರ್ನಲ್, ವಾಟರ್‌ಲೂ ಕದನದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೆಲ್ಲಿಂಗ್ಟನ್ನನ ಸ್ನೇಹಿತ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಿಂದ ನಮಗೆ ಪರಿಚಿತನಾದ ಆರ್ಥರ್ ವೆಲ್ಲೆಸ್ಲಿಯೇ ಈ ವೆಲ್ಲಿಂಗ್ಟನ್ ಎಂಬುದು ನೆನಪಾದಾಗ ನಾನು ಪುಸ್ತಕವನ್ನು ಕೆಲಹೊತ್ತು ಮಡಚಿಟ್ಟೆ.

ಕೊರತೆಗಳನ್ನೂ ಹೇಳಬೇಕು. ಹೊಸದಾಗಿ ಸಿಕ್ಕ ದಿನಚರಿಗಳನ್ನು ಸಂಪಾದಿಸಿ ಕೊಟ್ಟಂತೆ ಕತೆ ಹೇಳಿರುವುದರಿಂದ ಅಡಿಟಿಪ್ಪಣಿಗಳು ಮತ್ತೆ ಮತ್ತೆ ಬರುತ್ತವೆ. ಆ ಕಾಲವನ್ನು ತಿಳಿಯಲು ಅವು ನೆರವಾದರೂ ರಹಸ್ಯ ಬಿಗಿಯಾಗುವ ಘಳಿಗೆಯಲ್ಲಿ ಓದಿನ ಓಟವನ್ನು ತಡೆಯುತ್ತವೆ. ಇನ್ನೂರು ವರ್ಷ ಹಿಂದಿನ ಇಂಗ್ಲಿಷಿನ ಧಾಟಿಯನ್ನು ಅನುಸರಿಸುವ ಭಾಷೆ ಮೊದಲ ಐವತ್ತು ಪುಟಗಳಲ್ಲಿ ತಾಳ್ಮೆ ಬೇಡುತ್ತದೆ. ಕೆಲವು ಪುಸ್ತಕಗಳಲ್ಲಿ ಕೊಲೆಗಾರ ಯಾರೆಂದು ಬಯಲಾಗುವ ಭಾಗ ಅವಸರದಲ್ಲಿ ಮುಗಿಯುತ್ತದೆ.

ಕ್ರಮ ತಪ್ಪಿಸಿ ಓದಬೇಡಿ ಎಂಬುದು ನನ್ನ ಖಚಿತ ಸಲಹೆ. ಜೇನ್ ತೀರಿಕೊಂಡದ್ದು 1817ರ ಜುಲೈ 18ರಂದು, ವಿಂಚೆಸ್ಟರ್‌ನಲ್ಲಿ. ಅದೇ ವರ್ಷದ ವಸಂತದಲ್ಲಿ ನಡೆಯುವ ಕೊನೆಯ ಕಾದಂಬರಿಯಲ್ಲಿ, ವಿಂಚೆಸ್ಟರ್ ಕಾಲೇಜಿನ ಹುಡುಗನೊಬ್ಬನ ಸಾವಿನ ಅಪವಾದ ವಿಲಿಯಂ ಹೀತ್‌ಕೋಟ್ ಎಂಬ ಇನ್ನೊಬ್ಬ ವಿದ್ಯಾರ್ಥಿಯ ಮೇಲೆ ಬರುತ್ತದೆ. ನಡೆದಾಡುವುದೇ ಕಷ್ಟವಾಗಿರುವ ಜೇನ್ ಅವನ ಬೆಂಬಲಕ್ಕೆ ಹೊರಡುತ್ತಾಳೆ. ಆ ಹುಡುಗನ ತಾಯಿ ಎಲಿಜಬೆತ್ ಜೇನ್‌ಳ ಹಳೆಯ ಗೆಳತಿ, ಹದಿನೈದು ವರ್ಷಗಳ ಹಿಂದೆ ಜೇನ್ ನಿರಾಕರಿಸಿದ ಹ್ಯಾರಿಸ್‌ನ ಅಕ್ಕ.