ಧಾರವಾಡದ ಅಟ್ಟ, ನಾಟಕ ಓದೋರು ಹೋಗಲೇಬೇಕು
ಧಾರವಾಡಕ್ಕ ಹೋದ್ರ ಸುಭಾಸ ರೋಡಿನ ಮನೋಹರ ಗ್ರಂಥಮಾಲಾ ಅನ್ನೋ ಪುಸ್ತಕ ಪ್ರಕಾಶನದ ಅಟ್ಟ ಹತ್ತಿ ಬರ್ರಿ, ನಂಗಂತೂ ಭಾಳ ಸೇರ್ತು. 1933ರಾಗ ಈ ಪ್ರಕಾಶನ ಶುರು ಮಾಡಿದ ಜಿ.ಬಿ. ಜೋಶಿಯವ್ರೂ ನಾಟಕಕಾರರೇ, ‘ಸತ್ತವರ ನೆರಳು’ ಅವ್ರದ್ದೇ, ಅದನ್ನ ಬಿ.ವಿ. ಕಾರಂತರು ಹಾಡು ತುಂಬಿ ರಂಗಕ್ಕ ತಂದ್ರು. ಕಂಪನಿ ನಾಟಕದ ಪರದೆ, ಸೀನ್ಸಿನ ವೈಭವ ಇಳೀತಿದ್ದಾಗ ಗಿರೀಶ ಕಾರ್ನಾಡರ ‘ಯಯಾತಿ’ನ 1961ರಾಗ ಅಚ್ಚು ಹಾಕಿದ್ದು ಇವ್ರೇ, ಆಗ ಅವ್ರು ಆಕ್ಸ್‌ಫರ್ಡಿನ್ಯಾಗ ಓದ್ತಿದ್ದ ಹುಡುಗ, ಅದು ಮೊದಲ ನಾಟಕ, ಅಂಥವ್ರನ್ನ ನಂಬಾಕ ಗುಂಡಿಗಿ ಬೇಕು ನೋಡ್ರಿ. ನಾನು ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ ತಗೊಂಡೆ, ಶಿರಸಿಯ ಬಾಲ್ಯ, ಧಾರವಾಡದ ಕಾಲೇಜು ದಿನಗಳ ಭಾಗ ಓದ್ತಾ ಓದ್ತಾ ರಾತ್ರಿ ನಿದ್ದೀನೇ ಬರ್ಲಿಲ್ಲ. ಅವ್ರ ನಾಟಕ ‘ತುಘಲಕ್’ ಇನ್ನೂ ಓದಿಲ್ದವ್ರು ಅದನ್ನೇ ಮೊದಲು ತಗೋರಿ. ಅವಸರದಾಗ ಹೋಗಬ್ಯಾಡ್ರಿ, ಕಪಾಟು ನೋಡಾಕ ಅರ್ಧ ದಿನಾನಾದ್ರೂ ಇಟ್ಕೋರಿ.