ಸೋಗಾನೆಯಲ್ಲಿ ಇಳಿದು ದಾವಣಗೆರೆ ಸೇರುವ ದಾರಿ

ವಿಮಾನ ಅಂದರೆ ದಾವಣಗೆರೆಯವರಿಗೆ ಈಗಲೂ ನೆನಪಾಗುವುದು ಬೆಂಗಳೂರೇ. ಹೊರ ರಾಜ್ಯದಲ್ಲಿರುವ ಮಕ್ಕಳು ದೇವನಹಳ್ಳಿಯಲ್ಲಿ ಬಂದು ಇಳಿಯುತ್ತಾರೆ. ಅಲ್ಲಿಂದ ಟ್ರಾಫಿಕ್‌ ದಾಟಿ ತುಮಕೂರು ರಸ್ತೆ ಹಿಡಿಯಬೇಕು. ಆಮೇಲೆ ಸಿರಾ, ಹಿರಿಯೂರು, ಚಿತ್ರದುರ್ಗ. ಮನೆ ಮುಟ್ಟುವಾಗ ಅರ್ಧ ದಿನ ಹೋಗಿರುತ್ತದೆ. ನಮಗೆ ಹತ್ತಿರದ ವಿಮಾನ ನಿಲ್ದಾಣ ಇರುವುದು ಶಿವಮೊಗ್ಗದ ಸೋಗಾನೆಯಲ್ಲಿ. ಹಾಗಿದ್ದೂ ನಮ್ಮ ಬೀದಿಯಲ್ಲಿ ಅಲ್ಲಿಗೆ ಬಂದು ಇಳಿದವರು ಯಾರಿದ್ದಾರೆ ಅಂತ ವಿಚಾರಿಸಿದರೆ ಒಬ್ಬರೂ ಸಿಗಲಿಲ್ಲ.

ನಾನು ಕೆಲಸಕ್ಕಿರುವುದು ಹೈದರಾಬಾದಿನಲ್ಲಿ. ಅಮ್ಮ ಇರುವುದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಅಮ್ಮನ ಮಂಡಿ ಆಪರೇಷನ್ ನಾನಿದ್ದ ಕಡೆಯೇ ಆಯಿತು. ಅದಾದ ಮೇಲೆ ಊರಿಗೆ ಕರೆದುಕೊಂಡು ಬರಬೇಕಿತ್ತು. ರಾತ್ರಿಯಿಡೀ ಸ್ಲೀಪರ್ ಬಸ್ಸಿನಲ್ಲಿ ಆ ಕಾಲು ಮಡಚಿಕೊಂಡು ಮಲಗುವುದು ಆಗದ ಮಾತು. ಹಾಗಾಗಿ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದಿಂದ ಶಿವಮೊಗ್ಗಕ್ಕೆ ಟಿಕೆಟ್ ತೆಗೆದೆ. ಆಮೇಲೂ ಇದೇ ದಾರಿಯಲ್ಲಿ ಓಡಾಡಿದ್ದೇನೆ. ಈ ದಾರಿ ಯಾರಿಗೆ ಸರಿ, ಯಾರಿಗೆ ಬೇಡ ಅನ್ನುವುದು ಈಗ ನನಗೆ ಚೆನ್ನಾಗಿ ಗೊತ್ತಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಾರಾಟದ ವಿಷಯ. ಒಂದು ಗಂಟೆ ಚಿಲ್ಲರೆ, ಅಷ್ಟೇ. ವಿಮಾನ ಚಿಕ್ಕದು, ಜನ ಕಡಿಮೆ. ಕಿಟಕಿ ಪಕ್ಕದ ಸೀಟು ಕೇಳಿ ಪಡೆಯಿರಿ. ಇಳಿಯುವ ಹೊತ್ತಿಗೆ ಕೆಳಗೆ ಕಪ್ಪು ಹಸಿರಿನ ಅಡಿಕೆ ತೋಟ, ತಿಳಿ ಹಸಿರಿನ ಗದ್ದೆ, ನಡುವೆ ದೊಡ್ಡದೊಂದು ನೀರಿನ ಹರವು ಕಾಣಿಸಿತು. ಸೂಳೆಕೆರೆ! ಅಮ್ಮನಿಗೆ ತೋರಿಸಿದೆ. ಶಾಂತಿಸಾಗರ ಅಂತಲೂ ಕರೆಯುವ ಈ ಕೆರೆ ಇರುವುದು ಚನ್ನಗಿರಿ ತಾಲ್ಲೂಕಿನಲ್ಲಿ, ಅಂದರೆ ನಮ್ಮ ಜಿಲ್ಲೆಯಲ್ಲೇ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯಿಂದ ನಮ್ಮ ಕಡೆ ಬಂದವು. ನಮ್ಮ ಕೆರೆಯ ಮೇಲೆ ಹಾರಿ ಬಂದು ಇಳಿಯುವ ವಿಮಾನ ಇದು. ಇದನ್ನು ಬರೀ ಶಿವಮೊಗ್ಗದವರ ನಿಲ್ದಾಣ ಅಂತ ಬಿಟ್ಟುಬಿಡುವುದು ಸರಿಯಲ್ಲ ಅಂತ ನನಗೆ ಅನ್ನಿಸಿದ್ದು ಆಗಲೇ.

ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿದೆ, ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ. 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ಹೈದರಾಬಾದ್, ತಿರುಪತಿ, ಗೋವಾ ಕಡೆಯ ವಿಮಾನಗಳು ನವೆಂಬರಿನಲ್ಲಿ ಶುರುವಾದವು. ರನ್‌ವೇ 3.2 ಕಿಲೋಮೀಟರ್ ಉದ್ದ ಇದೆ. ಉದ್ಘಾಟನೆಯ ಹೊತ್ತಿಗೆ ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದದ್ದು. ಟರ್ಮಿನಲ್ ಕಮಲದ ಆಕಾರದಲ್ಲಿದೆ ಅನ್ನುವುದು ಎಲ್ಲರಿಗೂ ಗೊತ್ತು. ನೆಲದ ಮೇಲೆ ನಿಂತರೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ.

ಒಳಗೆ ನನಗೆ ಇಷ್ಟವಾದದ್ದು ಅದರ ಚಿಕ್ಕತನವೇ. ದೊಡ್ಡ ನಿಲ್ದಾಣಗಳಲ್ಲಿ ವಿಮಾನದಿಂದ ಹೊರಬಾಗಿಲಿಗೆ ನಡೆಯುವುದೇ ಒಂದು ಪ್ರಯಾಣ. ಮಂಡಿ ನೋವಿರುವವರಿಗೆ ಅದು ಎಷ್ಟು ಕಷ್ಟ ಅಂತ ಜೊತೆಗಿದ್ದವರಿಗಷ್ಟೇ ಗೊತ್ತು. ಇಲ್ಲಿ ಬಾಗಿಲು, ಲಗೇಜ್ ಬೆಲ್ಟ್, ಹೊರದಾರಿ ಎಲ್ಲಾ ಕಣ್ಣಳತೆಯಲ್ಲೇ ಇವೆ. ವೀಲ್‌ಚೇರ್ ಹಿಡಿದು ಬಂದ ಹುಡುಗ ಅಚ್ಚ ಮಲೆನಾಡಿನ ಕನ್ನಡದಲ್ಲಿ ಮಾತಾಡಿಸಿದ. ‘ಅಮ್ಮಾ, ಕಾಲು ಮೇಲಿಡಿ, ನಿಧಾನ’ ಅಂದ. ಅಮ್ಮನಿಗೆ ಅಲ್ಲಿಯೇ ಅರ್ಧ ಊರು ಸಿಕ್ಕಿದಂತಾಯಿತು. ಹೈದರಾಬಾದಿನಲ್ಲಿದ್ದಷ್ಟು ದಿನ ಆಸ್ಪತ್ರೆಯಲ್ಲಿ ನರ್ಸ್ ಹತ್ತಿರ ಮಾತಾಡಬೇಕಾದರೂ ನನ್ನನ್ನೇ ಕರೆಯುತ್ತಿದ್ದಳು. ಇಲ್ಲಿ ಅವಳೇ ಅವನ ಊರು, ಮನೆ, ಅಡಿಕೆ ರೇಟು ಎಲ್ಲಾ ವಿಚಾರಿಸಿದಳು. ಬ್ಯಾಗುಗಳೂ ಬೇಗ ಬಂದವು. ಟಾಯ್ಲೆಟ್ ಸ್ವಚ್ಛವಾಗಿತ್ತು, ಹಿಡಿದುಕೊಳ್ಳಲು ಕಂಬಿ ಇತ್ತು. ವಯಸ್ಸಾದವರ ಜೊತೆ ಬರುವವರು ಮೊದಲು ನೋಡುವುದೇ ಇದನ್ನು. ಇಷ್ಟರ ಮಟ್ಟಿಗೆ ನನ್ನಿಂದ ಪೂರ್ತಿ ಅಂಕ.

ಅಂಕ ಕಡಿಮೆಯಾಗುವುದು ಹೊರಗೆ ಬಂದ ಮೇಲೆ.

ನಾವು ಬಂದ ಹೊತ್ತಿನಲ್ಲಿ ಬಾಗಿಲ ಮುಂದೆ ದಾವಣಗೆರೆ ಬೋರ್ಡಿನ ಬಸ್ ಇರಲಿಲ್ಲ. ಇದ್ದದ್ದು ಬೇರೆಯವರನ್ನು ಕರೆದೊಯ್ಯಲು ಬಂದ ಕಾರುಗಳು ಮತ್ತು ಕೆಲವು ಟ್ಯಾಕ್ಸಿಗಳು. ಒಬ್ಬ ಚಾಲಕ ದಾವಣಗೆರೆಗೆ 4,500 ರೂಪಾಯಿ ಕೇಳಿದ. ಕೊನೆಗೆ ಇನ್ನೊಬ್ಬರು 3,200ಕ್ಕೆ ಒಪ್ಪಿದರು. ಆ ಹೊತ್ತಿಗೆ ಅಮ್ಮ ಬ್ಯಾಗಿನ ಮೇಲೆ ಕೈಯೂರಿ ನಿಂತು ಸುಸ್ತಾಗಿದ್ದಳು. ಹಾಗಾಗಿ ನನ್ನ ಮೊದಲ ಸಲಹೆ ಇದು. ಕಾರನ್ನು ಊರಿನಿಂದಲೇ ಕರೆಸಿಕೊಳ್ಳಿ. ದಾವಣಗೆರೆಯಲ್ಲಿ ನಿಮಗೆ ಗೊತ್ತಿರುವ ಟ್ಯಾಕ್ಸಿಯವರೊಬ್ಬರಿಗೆ ಹಿಂದಿನ ದಿನವೇ ಹೇಳಿಟ್ಟರೆ ದುಡ್ಡು ಜಾಸ್ತಿ ಆಗುವುದಿಲ್ಲ. ಕಾಯುವುದೂ ತಪ್ಪುತ್ತದೆ. ನಾನು ಈಗ ಹಾಗೆಯೇ ಮಾಡುವುದು.

ಒಬ್ಬರೇ ಬರುವವರು, ಕೈಯಲ್ಲಿ ಒಂದೇ ಬ್ಯಾಗು ಇರುವವರು ಟ್ಯಾಕ್ಸಿಗೆ ಅಷ್ಟು ದುಡ್ಡು ಸುರಿಯಬೇಕಾಗಿಲ್ಲ. ಆಟೋ ಅಥವಾ ಟ್ಯಾಕ್ಸಿ ಹಿಡಿದು ಶಿವಮೊಗ್ಗ ಬಸ್ ನಿಲ್ದಾಣಕ್ಕೆ ಬನ್ನಿ. ಅಲ್ಲಿ ಸರ್ಕಾರಿ ಬಸ್ಸೂ ಸಿಗುತ್ತದೆ, ಖಾಸಗಿ ಬಸ್ಸೂ ಸಿಗುತ್ತದೆ. ಶಿವಮೊಗ್ಗ ಕಡೆ ಖಾಸಗಿ ಬಸ್ಸುಗಳ ಓಡಾಟ ಮೊದಲಿನಿಂದಲೂ ಜಾಸ್ತಿ ಅಲ್ವಾ? ಯಾವುದು ಮೊದಲು ಹೊರಡುತ್ತದೋ ಅದನ್ನು ಹತ್ತಿ. ರೈಲಿನ ಯೋಚನೆ ಮಾತ್ರ ಬೇಡ. ಶಿವಮೊಗ್ಗದಿಂದ ದಾವಣಗೆರೆಗೆ ನೇರ ಹಳಿ ಇಲ್ಲ. ಬೀರೂರಿಗೆ ಇಳಿದು, ಅಲ್ಲಿಂದ ಮತ್ತೆ ಮೇಲಕ್ಕೆ ಸುತ್ತಿಕೊಂಡು ಬರಬೇಕು.

ಇನ್ನು ರಸ್ತೆ. ಎರಡು ದಾರಿಗಳಿವೆ, ಎರಡರಲ್ಲೂ ಬಂದಿದ್ದೇನೆ. ಒಂದು ಹೊನ್ನಾಳಿ, ಮಲೇಬೆನ್ನೂರು, ಹರಿಹರದ ಮೇಲೆ. ಇನ್ನೊಂದು ಹೊಳೆಹೊನ್ನೂರು, ಚನ್ನಗಿರಿ, ಸಂತೇಬೆನ್ನೂರಿನ ಮೇಲೆ.

ಹೊನ್ನಾಳಿ ದಾರಿಗೆ ಹೋಗಬೇಕಾದರೆ ಶಿವಮೊಗ್ಗ ಊರನ್ನು ದಾಟಲೇಬೇಕು. ನಿಲ್ದಾಣ ಊರಿನ ದಕ್ಷಿಣಕ್ಕಿದೆ, ನಾವು ಹೋಗಬೇಕಾದದ್ದು ಉತ್ತರಕ್ಕೆ. ಸಂಜೆ ಹೊತ್ತಿನಲ್ಲಿ ಊರು ದಾಟುವುದಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಆಮೇಲೆ ಹೊಳಲೂರು ಬರುತ್ತದೆ. ಹೊನ್ನಾಳಿ ಮುಟ್ಟಿದರೆ ತುಂಗಭದ್ರೆಯ ಸೇತುವೆ. ಮಳೆಗಾಲದಲ್ಲಿ ಕೆಂಪು ನೀರು ದಡ ತುಂಬಿ ಹರಿಯುವುದನ್ನು ನೋಡಿದರೆ ಮನಸ್ಸು ತಣ್ಣಗಾಗುತ್ತದೆ. ಸೇತುವೆ ದಾಟಿದ ಮೇಲೆ ಮಲೇಬೆನ್ನೂರಿನ ತನಕ ಭದ್ರಾ ನಾಲೆಯ ಅಚ್ಚುಕಟ್ಟು. ಎರಡೂ ಕಡೆ ಬರೀ ಭತ್ತ. ಕೊಯ್ಲಿನ ಕಾಲದಲ್ಲಿ ರಸ್ತೆಯ ಅಂಚಿನಲ್ಲೇ ಭತ್ತ ಒಣಹಾಕಿರುತ್ತಾರೆ, ಲೋಡು ತುಂಬಿದ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಹೋಗುತ್ತಿರುತ್ತವೆ. ಕತ್ತಲಾದ ಮೇಲೆ ಈ ದಾರಿಯಲ್ಲಿ ವೇಗ ಬೇಡವೇ ಬೇಡ. ಹರಿಹರ ಬಂದರೆ ಮನೆ ಬಂದಂತೆಯೇ ಲೆಕ್ಕ. ಅಲ್ಲಿಂದ ದಾವಣಗೆರೆ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ಹೊತ್ತಿದ್ದರೆ ಹರಿಹರೇಶ್ವರನ ದರ್ಶನ ಮಾಡಿಕೊಂಡೇ ಬನ್ನಿ. 1224ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಗುಡಿ. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ.

ಚನ್ನಗಿರಿ ದಾರಿ ನೋಡಲು ಇನ್ನೂ ಚೆಂದ. ಹೊಳೆಹೊನ್ನೂರಿನ ಹತ್ತಿರವೇ ಕೂಡ್ಲಿ ಇದೆ, ತುಂಗೆ ಮತ್ತು ಭದ್ರೆ ಸೇರುವ ಜಾಗ. ಮುಂದೆ ಚನ್ನಗಿರಿ ಸೀಮೆಯ ಅಡಿಕೆ ತೋಟಗಳು. ಅಡಿಕೆ ಬೇಯಿಸುವ ದಿನಗಳಲ್ಲಿ ಕಾರಿನ ಕಿಟಕಿ ಇಳಿಸಿದರೆ ಆ ಒಗರು ವಾಸನೆ ಮೂಗಿಗೆ ಬರುತ್ತದೆ. ಮನೆಗಳ ಮುಂದೆ ಕೆಂಪಡಿಕೆ ಹರಡಿರುತ್ತಾರೆ. ಸಂತೇಬೆನ್ನೂರಿನಲ್ಲಿ ಪುಷ್ಕರಣಿ ನೋಡದೆ ಮುಂದೆ ಬರಬೇಡಿ. 16ನೇ ಶತಮಾನದಲ್ಲಿ ಇಲ್ಲಿನ ಪಾಳೇಗಾರ ಹನುಮಂತಪ್ಪ ನಾಯಕ ಕಟ್ಟಿಸಿದ ಕೊಳ. ನಡುವೆ ಮಂಟಪ, ಸುತ್ತ ಮೆಟ್ಟಿಲು, ದಡದಲ್ಲಿ ಮುಸಾಫಿರ್ ಖಾನೆ. ಇಷ್ಟು ಚೆಂದದ ಜಾಗ ನಮ್ಮ ಜಿಲ್ಲೆಯಲ್ಲಿದ್ದೂ ದಾವಣಗೆರೆಯ ಎಷ್ಟೋ ಮಕ್ಕಳು ನೋಡಿಲ್ಲ, ಅದು ನನಗೆ ಬೇಸರ. ಆದರೆ ಈ ದಾರಿಯಲ್ಲಿ ಹಳ್ಳಿಗಳು ಜಾಸ್ತಿ, ಹಂಪುಗಳೂ ಜಾಸ್ತಿ. ಅಮ್ಮ ಪ್ರತಿ ಹಂಪಿಗೂ ಮಂಡಿ ಹಿಡಿದುಕೊಂಡಳು. ನೋವಿರುವವರನ್ನು ಕರೆತರುವುದಾದರೆ ಹೊನ್ನಾಳಿ ದಾರಿಯೇ ಸರಿ. ಸುಮ್ನೆ ಊರು ನೋಡಿಕೊಂಡು ಬರುವುದಾದರೆ ಚನ್ನಗಿರಿ.

ಯಾವ ಕಡೆಯಿಂದ ಬಂದರೂ ನಿಲ್ದಾಣದಿಂದ ಮನೆಗೆ ಎರಡು ಗಂಟೆಯ ಮೇಲೆಯೇ ಹಿಡಿಯಿತು. ಹಾರಿದ್ದಕ್ಕಿಂತ ರಸ್ತೆಯಲ್ಲಿ ಕಳೆದ ಹೊತ್ತೇ ಜಾಸ್ತಿ.

ಇಲ್ಲಿ ಹುಬ್ಬಳ್ಳಿಯ ಮಾತು ಹೇಳಲೇಬೇಕು. ಹುಬ್ಬಳ್ಳಿ ವಿಮಾನ ನಿಲ್ದಾಣ ದಾವಣಗೆರೆಯಿಂದ ಸುಮಾರು 150 ಕಿಲೋಮೀಟರ್ ದೂರ. ನಕ್ಷೆ ನೋಡಿದರೆ ಸೋಗಾನೆಗಿಂತ ಎಷ್ಟೋ ದೂರ ಅನ್ನಿಸುತ್ತದೆ. ಆದರೆ ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 48 ನೇರವಾಗಿ ಹಾವೇರಿ, ರಾಣೆಬೆನ್ನೂರು ಮೇಲೆ ನಮ್ಮೂರಿಗೇ ಬರುತ್ತದೆ. ಎರಡೂವರೆ ಗಂಟೆ ಸಾಕು. ನಿಲ್ದಾಣ ಇರುವುದು ಗೋಕುಲ ರಸ್ತೆಯಲ್ಲಿ, ಬಸ್ ನಿಲ್ದಾಣವೂ ಅದೇ ರಸ್ತೆಯಲ್ಲಿ. ಬೆಂಗಳೂರು ಕಡೆ ಹೋಗುವ ಬಸ್ಸುಗಳು ದಾವಣಗೆರೆ ದಾಟಿಯೇ ಹೋಗಬೇಕು. ಹಾಗಾಗಿ ಕಾರಿನ ಏರ್ಪಾಡು ಇಲ್ಲದವರಿಗೆ, ರಾತ್ರಿ ಇಳಿಯುವವರಿಗೆ ಹುಬ್ಬಳ್ಳಿಯೇ ವಾಸಿ. ಬೆಂಗಳೂರಿನಲ್ಲಿ ಇರುವವರಂತೂ ಶಿವಮೊಗ್ಗದ ವಿಮಾನ ಹತ್ತಬೇಡಿ. ಬೆಳಗಿನ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ಬೇರೆ ರೈಲುಗಳೂ ಬೇಕಾದಷ್ಟಿವೆ. ದೇವನಹಳ್ಳಿಗೆ ಹೋಗಿ, ಚೆಕ್-ಇನ್ ಮಾಡಿ, ಸೋಗಾನೆಯಲ್ಲಿ ಇಳಿದು, ಮತ್ತೆ ರಸ್ತೆ ಹಿಡಿಯುವಷ್ಟರಲ್ಲಿ ರೈಲಿನಲ್ಲಿ ಬಂದವರು ಮನೆಯಲ್ಲಿ ಊಟ ಮುಗಿಸಿರುತ್ತಾರೆ.

ದಾವಣಗೆರೆಗೇ ಒಂದು ವಿಮಾನ ನಿಲ್ದಾಣ ಬೇಕು ಅನ್ನುವ ಮಾತು ಆಗಾಗ ಕೇಳುತ್ತಿರುತ್ತೇವೆ. ನನಗೆ ಅದಕ್ಕಿಂತ ಮೊದಲು ಬೇಕಾಗಿರುವುದು ಒಂದು ಬಸ್. ವಿಮಾನ ಬಂದ ಅರ್ಧ ಗಂಟೆಗೆ ಸೋಗಾನೆಯಿಂದ ಹೊರಟು ಹೊನ್ನಾಳಿ, ಹರಿಹರದ ಮೇಲೆ ದಾವಣಗೆರೆಗೆ ಬರುವ ಒಂದೇ ಒಂದು ಬಸ್. ಮೆಟ್ಟಿಲು ತಗ್ಗಾಗಿರಲಿ, ಲಗೇಜ್ ಇಡಲು ಜಾಗ ಇರಲಿ. ಅಂಥದ್ದೊಂದು ಬಸ್ ಖಾಯಂ ಓಡಿದರೆ ಈ ನಿಲ್ದಾಣ ನಿಜಕ್ಕೂ ನಮ್ಮದೂ ಆಗುತ್ತದೆ. ಸೀಟು ತುಂಬದ ವಿಮಾನಗಳಿಗೂ ನಮ್ಮ ಜಿಲ್ಲೆಯ ಜನ ಸಿಗುತ್ತಾರೆ. ಹರಿಹರ, ಹೊನ್ನಾಳಿ, ದಾವಣಗೆರೆ ಸೇರಿದರೆ ಎಷ್ಟು ಮನೆಗಳ ಮಕ್ಕಳು ಹೈದರಾಬಾದಿನಲ್ಲಿ ಇದ್ದಾರೆ ಅಂತ ನೋಡಿ.

ಚಿತ್ರದುರ್ಗದವರು ಕೇಳಿದರೆ ನಾನು ಹೇಳುವುದು ಇಷ್ಟು. ಹೊಳೆಹೊನ್ನೂರು, ಚನ್ನಗಿರಿ, ಹೊಳಲ್ಕೆರೆ ಮೇಲಿನ ಹೆದ್ದಾರಿ ಇದೆ, ನೂರು ಕಿಲೋಮೀಟರ್ ದಾಟುತ್ತದೆ. ಆದರೆ ಬೆಂಗಳೂರು ನಮಗಿಂತ ನಿಮಗೆ ಹತ್ತಿರ. ಎರಡೂ ಕಡೆಯ ಟಿಕೆಟ್ ದರ, ಇಳಿಯುವ ಹೊತ್ತು ನೋಡಿಕೊಂಡು ತೀರ್ಮಾನ ಮಾಡಿ.

ಊರಿನಿಂದ ವಾಪಸ್ ಹೋಗುವಾಗಿನ ಮಾತು ಬೇರೆ. ಮಳೆಗಾಲದಲ್ಲಿ ಮತ್ತು ಚಳಿಗಾಲದ ಬೆಳಗಿನಲ್ಲಿ ಮೋಡ, ಮಂಜು ಕವಿದರೆ ಚಿಕ್ಕ ನಿಲ್ದಾಣಗಳಲ್ಲಿ ವಿಮಾನ ತಡವಾಗುತ್ತದೆ, ಕೆಲವೊಮ್ಮೆ ಬೇರೆ ಊರಿಗೆ ತಿರುಗಿಸುತ್ತಾರೆ. ದಾವಣಗೆರೆ ಬಿಡುವ ಮುಂಚೆ ವಿಮಾನದ ಸ್ಥಿತಿಯನ್ನು ಮೊಬೈಲಿನಲ್ಲಿ ನೋಡಿಕೊಳ್ಳಿ. ಹೊನ್ನಾಳಿಯಲ್ಲಿ ಚಹಾಕ್ಕೆ ನಿಂತಾಗ ಇನ್ನೊಮ್ಮೆ ನೋಡಿ. ವಿಮಾನ ಹೊರಡುವ ನಾಲ್ಕು ಗಂಟೆ ಮುಂಚೆ ಮನೆ ಬಿಡಿ. ಅದೇ ದಿನ ಮುಂದಿನ ಊರಿನಲ್ಲಿ ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ಇಂಟರ್‌ವ್ಯೂ, ಇನ್ನೊಂದು ವಿಮಾನ ಇಟ್ಟುಕೊಳ್ಳಬೇಡಿ. ದಾರಿಗೆ ಬುತ್ತಿ ಕಟ್ಟಿಕೊಂಡೇ ಹೋಗಿ. ಅಮ್ಮ ಈಗ ಮೂರು ತಿಂಗಳ ಚೆಕಪ್‌ಗೆ ನನ್ನ ಜೊತೆ ಬರುವಾಗ ಅವಲಕ್ಕಿ, ಮೊಸರನ್ನ ಎರಡನ್ನೂ ಡಬ್ಬಿಗೆ ಹಾಕುತ್ತಾಳೆ. ಒಂದು ದಾರಿಗೆ, ಇನ್ನೊಂದು ವಿಮಾನ ತಡವಾದರೆ.