ಎಚ್ಚರಿಕೆ: ಜನವರಿಯಲ್ಲಿ ಪಾರ್ಸೆಲ್ಲಿನಲ್ಲಿ ಹೋಯಾ ತರಿಸುವ ಮುಂಚೆ ಇದನ್ನು ಓದಿ

ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್, ಒಂಟಾರಿಯೋ ಕಡೆ ಇದ್ದು ಹೋಯಾ (ದಪ್ಪ ಎಲೆಯ ಅಲಂಕಾರದ ಬಳ್ಳಿ) ಬೆಳೆಸುವ ಕನ್ನಡದವರೆಲ್ಲ ದಯವಿಟ್ಟು ಪೂರ್ತಿ ಓದಿ. ಫ್ಲೋರಿಡಾದಲ್ಲಿ ಮನೆಯಿಂದಲೇ ಹೋಯಾ ಮಾರುವ ಒಬ್ಬರಿದ್ದಾರೆ, ನಮ್ಮವರೇ. ಹೆಸರು ಹಾಕುವುದಿಲ್ಲ. ಅವರು ಕೊಟ್ಟ ಉತ್ತರಗಳನ್ನು ಮಾತ್ರ ಇದ್ದದ್ದು ಇದ್ದಹಾಗೆ ಹಾಕುತ್ತೇನೆ. ಯಾರ ಬಾಯಲ್ಲಿ ಇಂಥ ಮಾತು ಬಂದರೂ ಅಲ್ಲಿಗೆ ನಿಲ್ಲಿಸಿ, ದುಡ್ಡು ಕಳಿಸಬೇಡಿ.

ತರಿಸಿದ್ದು ಎರಡು ಗಿಡ. ಒಂದು ಹೋಯಾ ಕೆರ್ರಿಯೈ, ಹೃದಯದ ಆಕಾರದ ಎಲೆ, ಅಂಚಿಗೆ ತಿಳಿಹಳದಿ ಪಟ್ಟಿ ಇರುವ ವೇರಿಗೇಟೆಡ್. ಇನ್ನೊಂದು ಹೋಯಾ ಕಾರ್ನೋಸಾ ‘ಕ್ರಿಮ್ಸನ್ ಕ್ವೀನ್’. ಎರಡೂ ಸೇರಿ 62 ಡಾಲರ್, ಪೋಸ್ಟೇಜು 16, ಡಬ್ಬಿಯನ್ನು ಬೆಚ್ಚಗಿಡುವ ಹೀಟ್ ಪ್ಯಾಕಿಗೆ ಅಂತ ಬೇರೆ 6. ಹಣ ಕಳಿಸುವ ಮುಂಚೆಯೇ ಎರಡು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲೇ ತೆಗೆದುಕೊಂಡಾಗಿತ್ತು. ಕೆರ್ರಿಯೈಗೆ ಗೆಣ್ಣು ಇದೆಯಾ? 72 ಗಂಟೆಯ ಹೀಟ್ ಪ್ಯಾಕ್ ಹಾಕಿ ಸೋಮವಾರ ಕಳಿಸುತ್ತೀರಾ?

“ಅಕ್ಕಾ, ಗೆಣ್ಣು, ಬೇರು ಎಲ್ಲಾ ಇದೆ, ಫುಲ್ ರೂಟೆಡ್. ಹೀಟ್ ಪ್ಯಾಕ್ ನಾನೇ ಕೈಯಾರೆ ಹಾಕ್ತೀನಿ. ತಲೆ ಕೆಡಿಸ್ಕೋಬೇಡಿ.”

ಕಳಿಸಿದ್ದು ಗುರುವಾರ. ಅದೂ ಮಾರ್ಟಿನ್ ಲೂಥರ್ ಕಿಂಗ್ ರಜೆಗೆ ಮುಂಚಿನ ಗುರುವಾರ! ಜನವರಿಯ ಮೂರನೇ ಸೋಮವಾರ ಅಂಚೆಗೆ ರಜೆ ಅಂತ ಗಿಡ ಪಾರ್ಸೆಲ್ ಮಾಡಿಯೇ ಸಂಪಾದಿಸುವವರಿಗೆ ಗೊತ್ತಿಲ್ಲವೇ? ಗುರುವಾರ ಸಂಜೆ ಹೊರಟ ಡಬ್ಬಿ ಶನಿವಾರದೊಳಗೆ ಬರಲಿಲ್ಲ ಅಂದರೆ ಇನ್ನು ಮಂಗಳವಾರವೇ. ಈ ಕಡೆ ಆ ವಾರ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹೋಯಾಗೆ 10 ಡಿಗ್ರಿಯೇ ಚಳಿ. ಕಾರ್ನೋಸಾ ಸ್ವಲ್ಪ ಗಟ್ಟಿ ಗಿಡ, ಒಂದೆರಡು ರಾತ್ರಿ 5 ಡಿಗ್ರಿವರೆಗೂ ತಾಳಿಕೊಳ್ಳಬಹುದು, ಆದರೆ ನೀರು ಹೆಪ್ಪುಗಟ್ಟುವ ಚಳಿಯನ್ನು ಹೋಯಾ ತಾಳುವುದಿಲ್ಲ.

ಡಬ್ಬಿ ತೆಗೆದಾಗ ಒಳಗೆ ಎರಡು ಹಾಳೆ ಪತ್ರಿಕೆ, ಒಂದು ಹಿಡಿ ಪ್ಲಾಸ್ಟಿಕ್ ಚೀಲ, ಗಿಡ ಎರಡು, ತಳದಲ್ಲಿ ಹೀಟ್ ಪ್ಯಾಕ್. ಥರ್ಮೋಕೋಲ್ ಇಲ್ಲ, ಏನೂ ಇಲ್ಲ. ಹೀಟ್ ಪ್ಯಾಕ್ ನೋಡಿದರೆ, ಹೊರಗಿನ ಪ್ಲಾಸ್ಟಿಕ್ ಕವರೇ ಹರಿದಿಲ್ಲ! ಅಂಗಡಿಯಿಂದ ತಂದದ್ದು ತಂದಹಾಗೆ, ನಾಲ್ಕೂ ಕಡೆ ಸೀಲ್ ಆಗಿಯೇ ಇದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಪ್ಯಾಕಿನಲ್ಲಿ ಇರುವುದು ಕಬ್ಬಿಣದ ಪುಡಿ, ಇದ್ದಿಲು, ಉಪ್ಪು, ಸ್ವಲ್ಪ ತೇವ. ಗಾಳಿ ತಾಗಿದಾಗ ಕಬ್ಬಿಣ ತುಕ್ಕು ಹಿಡಿಯುತ್ತದೆ, ಆಗ ಹುಟ್ಟುವ ಬಿಸಿಯೇ ನಮಗೆ ಬೇಕಾದ್ದು. ಕವರ್ ಹರಿಯದೆ ಹಾಕಿದರೆ ಅದೊಂದು ಮರಳಿನ ಪೊಟ್ಟಣ, ಅಷ್ಟೇ. ಉರಿದು ಮುಗಿದ ಪ್ಯಾಕ್ ಒಳಗೆ ಗಟ್ಟಿಯಾಗಿ ಹೆಂಟೆಯಾಗಿರುತ್ತದೆ. ಇದು ಅಲ್ಲಾಡಿಸಿದರೆ ಸರಸರ ಅನ್ನುತ್ತಿತ್ತು. ಕವರ್ ಕತ್ತರಿಸಿ ಮೇಜಿನ ಮೇಲೆ ಇಟ್ಟರೆ ಅರ್ಧ ಗಂಟೆಯಲ್ಲಿ ಬೆಚ್ಚಗಾಗತೊಡಗಿತು. ಗಿಡಕ್ಕೆ ಚಳಿ ಹೊಡೆದ ಮೇಲೆ, ಬೆಚ್ಚಗಿನ ಮನೆಯೊಳಗೆ, 6 ಡಾಲರಿನ ಹೀಟ್ ಪ್ಯಾಕ್ ಬಿಸಿಯಾಗುತ್ತಿದೆ! ಅದನ್ನು ಮುಟ್ಟಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಎಲ್ಲದರ ವಿಡಿಯೋ ಕಳಿಸಿದೆ. ಕವರ್ ಕತ್ತರಿಸುವುದು, ಅಲ್ಲಾಡಿಸುವುದು, ಎಲ್ಲ.

ಮೊದಲ ಉತ್ತರ: “ಅಕ್ಕಾ, ಅದು ಕೆಲಸ ಮಾಡಿ ಮುಗಿದಿದೆ, ನಾಲ್ಕು ದಿನ ಆಯ್ತಲ್ಲ.”

ಮುಗಿದ ಪ್ಯಾಕ್ ಈಗ ಹೇಗೆ ಬಿಸಿಯಾಗುತ್ತಿದೆ ಅಂತ ಕೇಳಿದೆ. ಎರಡನೇ ಉತ್ತರ: “ಅದು ಎಕ್ಸ್‌ಟ್ರಾ ಇರಲಿ ಅಂತ ಹಾಕಿದ್ದು.” ಸರಿ, ಹಾಗಾದರೆ ಮೊದಲನೆಯದು ಎಲ್ಲಿ? ಡಬ್ಬಿಯಲ್ಲಿ ಇದ್ದದ್ದು ಒಂದೇ. ಇದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ.

ಮುಂದಿನದು ಕೇಳಿ, ಇದರಲ್ಲೇ ಬಹಳ ಜನ ಬೀಳುತ್ತಾರೆ. ಗಿಡ ಸತ್ತು ಬಂದರೆ ಹಣ ವಾಪಸ್ ಅಂತ ಇವರು ಬರೆದಿರುತ್ತಾರೆ, ಆದರೆ ಪಾರ್ಸೆಲ್ ತಲುಪಿದ 2 ಗಂಟೆಯೊಳಗೆ ಫೋಟೋ ಕಳಿಸಬೇಕು. ಕೇಳಲು ನ್ಯಾಯವಾಗಿದೆ. ಆದರೆ ಚಳಿ ಹೊಡೆದ ಹೋಯಾ ಎಲೆ ಆ 2 ಗಂಟೆಯಲ್ಲಿ ಹಸಿರಾಗಿಯೇ ಇರುತ್ತದೆ. ಕಡು ಹಸಿರು, ಎಣ್ಣೆ ಸವರಿದ ಹಾಗೆ ಹೊಳಪು, ಬೆಳಕಿಗೆ ಹಿಡಿದರೆ ಗಾಜಿನಂತೆ ಪಾರದರ್ಶಕ ಮಚ್ಚೆ. ಒಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳ ಪೊರೆ ಹರಿದಿರುತ್ತದೆ. ಮಂಜು ಕರಗಿದ ಮೇಲೆ ಆ ರಸ ಸೋರಿ, ಒಂದೆರಡು ದಿನ ಕಳೆದು ಎಲೆ ಕಪ್ಪಾಗಿ ಕೊಳೆಯುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಕ್ರಿಮ್ಸನ್ ಕ್ವೀನ್ ಕಪ್ಪಾದ ಮೇಲೆ ಬಂದ ಉತ್ತರ ನೋಡಿ:

“ನೀವೇ ಕಳಿಸಿದ ಫಸ್ಟ್ ಫೋಟೋದಲ್ಲಿ ಎಲೆ ಹಸಿರಾಗಿದೆಯಲ್ಲ. ನಿಮ್ಮ ಮನೆಗೆ ಬಂದ ಮೇಲೆ ನೀರು ಜಾಸ್ತಿ ಆಗಿದೆ ಅನ್ಸುತ್ತೆ.”

ಬಂದ ಗಿಡಕ್ಕೆ ಒಂದು ತೊಟ್ಟು ನೀರೂ ಹಾಕಿರಲಿಲ್ಲ. ನೀರು ಜಾಸ್ತಿಯಾದ ಗಿಡ ಬೇರಿನಿಂದ ಕೊಳೆಯುತ್ತದೆ, ಎಲೆ ಹಳದಿಯಾಗಿ ಉದುರುತ್ತದೆ, ಅದಕ್ಕೆ ವಾರಗಟ್ಟಲೆ ಬೇಕು. ಎಲೆ ಮೊದಲು ಗಾಜಾಗಿ ಆಮೇಲೆ ಕಪ್ಪಾಗುವುದು ಚಳಿಯಿಂದ. ಹೀಗಾಗಿ ಮೊದಲ ಫೋಟೋವನ್ನೇ ಬೆಳಕಿಗೆ ಎದುರಾಗಿ, ಎಲೆಯ ಹಿಂದಿನಿಂದ ಟಾರ್ಚ್ ಹಿಡಿದು ತೆಗೆಯಿರಿ. ಗಾಜಿನ ಮಚ್ಚೆ ಅದರಲ್ಲಿ ಸಿಕ್ಕುತ್ತದೆ. ಚಳಿಯ ಹಾನಿಗೆ 48 ಗಂಟೆಯಾದರೂ ಅವಕಾಶ ಕೊಡದ ಮಾರಾಟಗಾರರ ಹತ್ತಿರ ಚಳಿಗಾಲದಲ್ಲಿ ಗಿಡ ಕೊಳ್ಳಲೇಬೇಡಿ.

ಕೆರ್ರಿಯೈ ವಿಷಯ ಇದಕ್ಕಿಂತ ಕೆಟ್ಟದ್ದು. ಅದು ಡಬ್ಬಿಯ ನಡುವಿನಲ್ಲಿ, ಬೇರಿಗೆ ಸುತ್ತುವ ಸ್ಫ್ಯಾಗ್ನಮ್ ಅನ್ನುವ ಪಾಚಿಯೊಳಗೆ ಇದ್ದದ್ದರಿಂದ ಅಂಚು ಮಾತ್ರ ಸುಟ್ಟು ಉಳಿದಿತ್ತು. ಆ ಪಾಚಿ ಬಿಡಿಸಿ ನೋಡಿದರೆ ಒಂದೇ ಎಲೆ, ಒಂದು ತೊಟ್ಟು, ತೊಟ್ಟಿನ ತುದಿಯಿಂದ ಬಿಳಿ ಬೇರು. ಕಾಂಡ ಇಲ್ಲ. ಗೆಣ್ಣು ಇಲ್ಲ. ಗೆಣ್ಣು ಇದೆಯಾ ಅಂತ ಬಾಯಿಬಿಟ್ಟು ಕೇಳಿದ್ದಕ್ಕೆ ಇದೆ ಅಂತ ಬರೆದು ಕೊಟ್ಟವರು ಕಳಿಸಿದ್ದು ಇದು.

ಕಬ್ಬು ನೆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣ್ಣಿಲ್ಲದ ತುಂಡು ಮೊಳೆಯುವುದಿಲ್ಲ. ಹೋಯಾದಲ್ಲೂ ಹೊಸ ಬಳ್ಳಿ ಹೊರಡುವುದು ಎಲೆ ಕಾಂಡಕ್ಕೆ ಸೇರುವ ಗೆಣ್ಣಿನ ಮೊಗ್ಗಿನಿಂದ. ತೊಟ್ಟಿನ ಗಾಯದಿಂದ ಬೇರು ಬರುತ್ತದೆ, ಸುಲಭವಾಗಿ ಬರುತ್ತದೆ, ಆದರೆ ಚಿಗುರು ಬರುವುದಿಲ್ಲ. ಅಂಥ ಎಲೆ ಕುಂಡದಲ್ಲಿ ವರ್ಷಗಟ್ಟಲೆ ಹಸಿರಾಗಿ ನಿಂತಿರುತ್ತದೆ, ಒಂದು ಇಂಚೂ ಬೆಳೆಯುವುದಿಲ್ಲ. ಥಾಯ್ಲೆಂಡಿನ ಕಾಡಿನಲ್ಲಿ ಮರ ಹತ್ತಿ ಮೀಟರುಗಟ್ಟಲೆ ಹಬ್ಬುವ ಬಳ್ಳಿ ಇದು. ಫೆಬ್ರವರಿ 14 ಹತ್ತಿರ ಬಂದಾಗ ಸೂಪರ್ ಮಾರ್ಕೆಟ್ಟಿನಲ್ಲಿ ಪುಟ್ಟ ಕುಂಡದಲ್ಲಿ ಒಂದೊಂದು ಹೃದಯ ನೆಟ್ಟು ಮಾರುವುದು ಬಹುಪಾಲು ಇಂಥ ಗೆಣ್ಣಿಲ್ಲದ ಎಲೆಗಳನ್ನೇ. ಉಡುಗೊರೆಗೆ ಐದಾರು ಡಾಲರ್ ಕೊಟ್ಟು ಕೊಳ್ಳುವವರಿಗೆ ನನ್ನ ತಕರಾರಿಲ್ಲ. ಬೆಳೆಯುವ ಗಿಡ ಅಂತ ಹೇಳಿ, ವೇರಿಗೇಟೆಡ್ ಅಂತ ಬೆಲೆ ಏರಿಸಿ ಕಳಿಸಿದರೆ ಅದು ಮೋಸ.

ಅದಕ್ಕೆ ಉತ್ತರ: “ಬೇರು ಬಂದಿದೆ ಅಂದ್ಮೇಲೆ ಚಿಗುರು ಬಂದೇ ಬರುತ್ತೆ ಅಕ್ಕಾ, ತಾಳ್ಮೆ ಬೇಕು. ಗಿಡ ಅಂದ್ರೆ ತಾಳ್ಮೆ.”

ತಾಳ್ಮೆಯ ಪಾಠ ನನಗೆ! ಕಾಂಡದ ಫೋಟೋ ತೋರಿಸಿ ಅಂದರೆ ತಾಯಿಗಿಡದ ಫೋಟೋ ಬಂತು. ಅದು ಸೊಗಸಾಗಿಯೇ ಇದೆ, ಆರು ಗೆಣ್ಣು ಎಣಿಸಬಹುದು. ಅವರ ಮನೆಯಲ್ಲಿ.

ಹಣ ವಾಪಸ್ ಕೇಳಿದಾಗ ಬಂದ ಮಾತು ಇನ್ನೂ ಒಂದು ಹೆಜ್ಜೆ ಮುಂದೆ: “ದುಡ್ಡು ಬೇಡ ಅಕ್ಕಾ, ಮಾರ್ಚಲ್ಲಿ ಊರಿಂದ ಅಮ್ಮ ಬರ್ತಾರೆ, ಘಟ್ಟದ ಹೋಯಾ ವೈಟಿಯೈ ಬ್ಯಾಗಲ್ಲಿ ಹಾಕ್ಕೊಂಡು ಬರ್ತಾರೆ, ನಿಮಗೇ ಮೊದಲು.” ನಮ್ಮ ಪಶ್ಚಿಮ ಘಟ್ಟದ ಕಾಡಿನಿಂದ ಗಿಡ ಕಿತ್ತು, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಸೂಟ್‌ಕೇಸಿನಲ್ಲಿ ಅಮೆರಿಕಕ್ಕೆ ತರುವುದು ಕಾನೂನಿಗೆ ವಿರುದ್ಧ. ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ ಗಿಡ ಹೋಗುತ್ತದೆ, ದಂಡವೂ ಬೀಳಬಹುದು. ವಯಸ್ಸಾದ ತಾಯಿಯ ಕೈಲಿ ಮಾಡಿಸುವ ಕೆಲಸವೇ ಇದು? ಯಾರಾದರೂ ಊರಿನ ಹೋಯಾ ಕೊಡುತ್ತೇನೆ ಅಂದರೆ ಪ್ರಮಾಣಪತ್ರ ತೋರಿಸಿ ಅನ್ನಿ, ಮಾತು ಅಲ್ಲೇ ಮುಗಿಯುತ್ತದೆ.

ಅವರು ಮೊದಲೇ ಪೇಪಾಲಿನಲ್ಲಿ ‘ಫ್ರೆಂಡ್ಸ್ ಅಂಡ್ ಫ್ಯಾಮಿಲಿ’ ಅಂತ ಕಳಿಸಿ, ನಮ್ಮವರೇ ಅಲ್ವಾ, ಫೀ ಉಳಿಯುತ್ತೆ ಅಂದಿದ್ದರು. ಒಪ್ಪದೆ ‘ಗೂಡ್ಸ್ ಅಂಡ್ ಸರ್ವಿಸಸ್’ನಲ್ಲೇ ಕಳಿಸಿದ್ದರಿಂದ ಈಗ ಹಣ ವಾಪಸ್ ಕೇಳಲು ಒಂದು ದಾರಿ ಇದೆ. ಮೊದಲನೆಯದರಲ್ಲಿ ಕೊಳ್ಳುವವರಿಗೆ ಯಾವ ರಕ್ಷಣೆಯೂ ಇಲ್ಲ. ಎರಡನೆಯದರಲ್ಲಿ ಹಣ ಕಟ್ಟಿದ 180 ದಿನದೊಳಗೆ ಡಿಸ್ಪ್ಯೂಟ್, ಅಂದರೆ ಪೇಪಾಲಿಗೆ ದೂರು, ಹಾಕಬಹುದು. ಹಾಕಿದ ಕೂಡಲೇ ಅಕ್ಕ ಹೋಗಿ ಮೇಡಂ ಆಯಿತು: “ಮೇಡಂ, ಡಿಸ್ಪ್ಯೂಟ್ ಕ್ಲೋಸ್ ಮಾಡಿ, ಕ್ಲೋಸ್ ಮಾಡಿದ ಐದು ನಿಮಿಷದಲ್ಲಿ ರಿಫಂಡ್ ಕಳಿಸ್ತೀನಿ.” ಈ ಮಾತಿಗೆ ಯಾರೂ ಬೀಳಬೇಡಿ. ಒಮ್ಮೆ ಮುಚ್ಚಿದ ಡಿಸ್ಪ್ಯೂಟನ್ನು ಮತ್ತೆ ತೆರೆಯಲು ಬರುವುದಿಲ್ಲ. ಹಣ ಖಾತೆಗೆ ಬಂದ ಮೇಲೆ ಮುಚ್ಚಿ, ಮೊದಲು ಮುಚ್ಚಬೇಡಿ. ನನ್ನದು ಇನ್ನೂ ತೆರೆದೇ ಇದೆ, ಹಣ ಬಂದಿಲ್ಲ.

ಇಷ್ಟಾದ ಮೇಲೂ ಚಳಿಯಲ್ಲೇ ತರಿಸುತ್ತೇನೆ ಅನ್ನುವವರು ಗಿಡದ ಬುಡದ ಫೋಟೋ ಕೇಳಿ, ಪಾಚಿ ಸರಿಸಿ, ಗೆಣ್ಣಿನ ಪಕ್ಕ ಬೆರಳು ಇಟ್ಟು, ಆ ದಿನದ ತಾರೀಕು ಬರೆದ ಚೀಟಿ ಜತೆ. ಕಡಿಮೆ ಅಂದರೆ ಎರಡು ಗೆಣ್ಣು ಇರಲಿ. ಸೋಮವಾರ ಅಥವಾ ಮಂಗಳವಾರವೇ ಹೊರಡಬೇಕು, ರಜೆಯ ವಾರ ಬೇಡವೇ ಬೇಡ. ಹೀಟ್ ಪ್ಯಾಕಿನ ಕವರ್ ಹರಿದು, ಬಿಸಿ ಹುಟ್ಟಿದ್ದನ್ನು ಮುಟ್ಟಿ ನೋಡಿ, ಕಾಗದದಲ್ಲಿ ಸುತ್ತಿ, ಎಲೆಗೆ ತಾಗದಂತೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಬೇಕು. ಎಲೆಗೆ ತಾಗಿದರೆ ಸುಡುತ್ತದೆ. ಡಬ್ಬಿಯ ಒಳಗೋಡೆಗೆ ಅರ್ಧ ಇಂಚು ಥರ್ಮೋಕೋಲ್ ಬೇಕು, ಆದರೆ ಎಲ್ಲಾ ಸಂದಿಗೂ ಟೇಪ್ ಬಡಿದು ಗಾಳಿ ಕಟ್ಟಿದರೆ ಪ್ಯಾಕ್ ಆರಿಹೋಗುತ್ತದೆ. ಮನೆ ಬಾಗಿಲಿಗೆ ಬೇಡ, ಅಂಚೆ ಕಚೇರಿಯಲ್ಲೇ ಇಟ್ಟುಕೊಳ್ಳಲು ಹೇಳಿ ನೀವೇ ಹೋಗಿ ತನ್ನಿ. ಹೊರಗೆ ಸೊನ್ನೆಗಿಂತ ಕೆಳಗೆ ಹೋದರೆ ಹೀಟ್ ಪ್ಯಾಕ್ ಇದ್ದರೂ ಜೂಜೇ.

ಚಳಿ ಹೊಡೆದು ಬಂದಿದ್ದರೆ ಹೀಟರ್ ಹತ್ತಿರ ಇಡಬೇಡಿ, 18ರಿಂದ 20 ಡಿಗ್ರಿ ಇರುವ ಕೋಣೆಯಲ್ಲಿ ನೆರಳಿಗೆ ಇಡಿ. ನೀರು ಬೇಡ, ಗೊಬ್ಬರ ಬೇಡ. ಎರಡು ಮೂರು ದಿನದಲ್ಲಿ ಕಪ್ಪು ಎಲ್ಲಿವರೆಗೆ ಹರಡುತ್ತದೆ ಅಂತ ಗೊತ್ತಾಗುತ್ತದೆ. ಆಗ 70 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದ ಬ್ಲೇಡಿನಿಂದ ಕಾಂಡವನ್ನು ತುದಿಯಿಂದ ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತಾ ಬನ್ನಿ. ಹೋಯಾ ಎಕ್ಕದ ಕುಟುಂಬದ್ದೇ, ಜೀವ ಇರುವ ಕಡೆ ಬಿಳಿ ಹಾಲು ಒಸರುತ್ತದೆ. ಹಾಲು ಕಂಡಲ್ಲಿ ನಿಲ್ಲಿಸಿ. ಕೈಗೆ ತಾಗಿದರೆ ತೊಳೆದುಕೊಳ್ಳಿ, ಕಣ್ಣು ಮುಟ್ಟಬೇಡಿ. ಉಳಿದ ತುಂಡಿನ ಗಾಯ ಕೆಲವು ಗಂಟೆ ಒಣಗಿದ ಮೇಲೆ ಗೆಣ್ಣು ಹುದುಗುವಂತೆ ಒದ್ದೆ ಪರ್ಲೈಟಿನಲ್ಲಿ (ಕುಂಡಕ್ಕೆ ಹಾಕುವ ಹಗುರ ಬಿಳಿ ಹರಳು) ಇಟ್ಟು, ಮುಚ್ಚಳದ ಡಬ್ಬಿಯಲ್ಲಿ, ಬುಡಕ್ಕೆ 24 ಡಿಗ್ರಿ ಬಿಸಿ ಕೊಡಿ. ನನ್ನ ಕ್ರಿಮ್ಸನ್ ಕ್ವೀನಿನಲ್ಲಿ ಬುಡದವರೆಗೂ ಹಾಲು ಬರಲಿಲ್ಲ.

ಬದುಕಿದ ಗಿಡಕ್ಕೆ ಚಳಿಗಾಲದಲ್ಲಿ ದಕ್ಷಿಣದ ಕಿಟಕಿ ಒಳ್ಳೆಯದು, ಆದರೆ ಎಲೆ ಗಾಜಿಗೆ ತಾಗಬಾರದು. ಮಿನಿಯಾಪೊಲಿಸ್‌ನಲ್ಲಿ ಡಿಸೆಂಬರ್ ಕೊನೆಗೆ ಹಗಲು 9 ಗಂಟೆಯೂ ಇಲ್ಲ, ಹಾಗಾಗಿ ಗಿಡಕ್ಕೆ ಬೆಳಕು ಕೊಡುವ ಗ್ರೋ ಲೈಟ್ 12 ಗಂಟೆ ಉರಿಸಿ. ನೀರು ವಾರದ ಲೆಕ್ಕದಲ್ಲಿ ಬೇಡ. ದಪ್ಪ ಎಲೆಯನ್ನು ಮೆಲ್ಲಗೆ ಮಡಚಿ ನೋಡಿ, ಬಾಗದೆ ಗಟ್ಟಿಯಾಗಿದ್ದರೆ ನೀರು ಸಾಕಷ್ಟಿದೆ, ಮೆತ್ತಗೆ ಬಾಗಿದರೆ ಉಗುರುಬೆಚ್ಚಗಿನ ನೀರು ಕೊಡಿ.

ಅವಸರ ಇಲ್ಲದವರು ಮೇ ಕೊನೆಯವರೆಗೆ ಕಾಯಿರಿ. ಆಗ ನೀವಿರುವ ಊರಿನ ನರ್ಸರಿಗೇ ಹೋಗಿ ಕುಂಡ ಎತ್ತಿ ನೋಡಬಹುದು. ಗೆಣ್ಣು ಎಣಿಸಿ, ಎಲೆಯ ಕಂಕುಳಲ್ಲಿ ಹಿಟ್ಟುತಿಗಣೆ ಅನ್ನುವ ಕೀಟದ, ಹತ್ತಿಯಂಥ ಬಿಳಿ ಗಂಟು ಇದೆಯಾ ನೋಡಿ, ತಳದ ತೂತಿನಿಂದ ಬೇರು ನೋಡಿ, ಆಮೇಲೆ ಹಣ ಕೊಡಿ.